ಪಾರ್ಸೆಲ್‌ಗೆ ಟಿಪ್ಸ್ ಇಲ್ಲ

ನಮ್ಮೂರಿನಲ್ಲಿ ಮನಸಾರೆ ಟಿಪ್ಸ್ ಕೊಟ್ಟರೆ ತೆಗೆದುಕೊಂಡವರು ನೆಲ ಬಿಟ್ಟು ಮೇಲೇಳುತ್ತಾರೆ. ಯಾಕೆ ಅಂತ ನನ್ನನ್ನು ಕೇಳಬೇಡಿ. ನಿಮ್ಮೂರಿನಲ್ಲಿ ಯಾಕೆ ಏಳುವುದಿಲ್ಲ ಅಂತ ನಾನು ಯಾವತ್ತಾದರೂ ಕೇಳಿದ್ದೇನಾ? ಎಷ್ಟು ಕೊಟ್ಟಿರಿ ಅನ್ನುವುದು ಇಲ್ಲಿ ಮುಖ್ಯವಲ್ಲ. ಮೂಟೆ ಹೊರುವವನು ಬಾಯಿ ಒರೆಸಿಕೊಂಡು ಎರಡು ರೂಪಾಯಿ ಇಟ್ಟು ಹೋದರೆ ಸಪ್ಲೈಯರ್ ಒಂದು ಗೇಣು ಏಳುತ್ತಾನೆ. ನಾಲ್ಕು ಜನ ನೋಡಲಿ ಅಂತ ಗರಿಗರಿ ನೂರರ ನೋಟು ಬೀಸಿದವರ ಮುಂದೆ ಅದೇ ಸಪ್ಲೈಯರ್ ನೆಟ್ಟ ಕಂಬದಂತೆ ನಿಂತಿರುತ್ತಾನೆ, ಪಕ್ಕದ ಟೇಬಲ್ಲಿನವರು ಕಿಸಕ್ಕನೆ ನಗುತ್ತಾರೆ. ಏರಿದ್ದು ಒಂದೆರಡು ಗಂಟೆಯಲ್ಲಿ ತಾನಾಗಿ ಇಳಿಯುತ್ತದೆ.

ಹಾಗಾಗಿ ಬಸ್ ನಿಲ್ದಾಣದ ಎದುರಿನ ದೊಡ್ಡ ಹೋಟೆಲಿನಲ್ಲಿ ಸೂರಿಗೆ ಫ್ಯಾನಿಲ್ಲ, ಇರುವುದೆಲ್ಲ ಗೋಡೆಗೆ. ಸಪ್ಲೈಯರ್‌ಗಳು ಸೊಂಟಕ್ಕೆ ತಕ್ಕಡಿಯ ತೂಕದ ಬಟ್ಟು ಕಟ್ಟಿಕೊಂಡು ಓಡಾಡುತ್ತಾರೆ, ಗಾಳಿ ಜೋರಾದ ದಿನ ಒಂದರ ಬದಲು ಎರಡು. ಇವರ ಚಪ್ಪಲಿ ಸವೆಯುವುದೇ ಇಲ್ಲ, ನಾನು ಅಂಗಡಿ ಇಟ್ಟು ಏನು ಮಾಡಲಿ ಅಂತ ಚಪ್ಪಲಿ ಅಂಗಡಿಯವನು ವರ್ಷಕ್ಕೊಮ್ಮೆ ಪುರಸಭೆಗೆ ಅರ್ಜಿ ಹಾಕುತ್ತಾನೆ. ಹೊರಗಿನಿಂದ ಬಂದವರು ಮೊದಲ ದಿನ ತಲೆಯ ಮೇಲೆ ತೇಲಿ ಬರುವ ಮಸಾಲೆದೋಸೆ ನೋಡಿ ಕಣ್ಣು ಕಣ್ಣು ಬಿಡುತ್ತಾರೆ. ಎರಡನೆಯ ದಿನ ಚಟ್ನಿ ಎಲ್ಲಿ ಅಂತ ಕೇಳುತ್ತಾರೆ.

ಆ ದೊಡ್ಡ ಹೋಟೆಲಿನ ಹಿರೇ ಸಪ್ಲೈಯರ್ ಶೇಷಗಿರಿ ಅನ್ನುವವರು ನನ್ನ ಗಂಡ. ಗಂಡನ ಹೆಸರು ಹೇಳಿದರೆ ಆಯುಸ್ಸು ಕಡಿಮೆ ಅಂತ ನಮ್ಮತ್ತೆ ಹೆದರಿಸಿದ್ದರು. ಹೇಳುತ್ತಲೇ ಬಂದಿದ್ದೇನೆ, ಗುಂಡುಕಲ್ಲಿನ ಹಾಗಿದ್ದಾರೆ. ಸಪ್ಲೈಯರ್‌ಗಳ ಸಂಘಕ್ಕೂ ಅವರೇ ಅಧ್ಯಕ್ಷರು, ಅದರ ಗುರುತಿಗೆ ತಲೆಗೊಂದು ಕೆಂಪು ರುಮಾಲು. ದಿನಾ ಸಂಜೆ ನಾಲ್ಕಕ್ಕೆ ಕೆಲಸ ಮುಗಿಸಿ ನೆಲದಿಂದ ಒಂದು ಮೊಳ ಮೇಲೆ ತೇಲುತ್ತಾ, ಬೇಲಿ, ಕರೆಂಟ್ ಕಂಬ, ನುಗ್ಗೆ ಗಿಡ ಹಿಡಿದುಕೊಂಡು ಮನೆಗೆ ಬರುತ್ತಿದ್ದರು. ಬಾಗಿಲಲ್ಲಿ ತಲೆ ಬಗ್ಗಿಸಿ ಒಳಗೆ ಬಂದು, ಇವತ್ತು ಒಂದು ಮೊಳ ನಾಲ್ಕು ಬೆರಳು ಅಂತ ಹೇಳಿಕೊಳ್ಳುತ್ತಿದ್ದರು. ನಾನು ಅವರ ಸೊಂಟಕ್ಕೆ ಹಗ್ಗ ಹಾಕಿ ಮಂಚದ ಕಾಲಿಗೆ ಕಟ್ಟಿ ಕಾಫಿ ಕೊಡುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿರಲಿಲ್ಲವೇ ಅಂತ ಕೇಳುತ್ತೀರಾ? ಆಗುತ್ತಿತ್ತು. ಸುಳ್ಳು ಯಾಕೆ ಹೇಳಲಿ.

ಯಾಕೆಂದರೆ ನಾನು ಕೂಡ ಹೋಟೆಲ್ ಕೆಲಸದವಳೇ. ಸಂತೆಬೀದಿಯಲ್ಲಿ ಹೊಳ್ಳರ ದರ್ಶಿನಿ ಇದೆಯಲ್ಲ, ಚೀಟಿ ತಗೊಂಡು, ತಟ್ಟೆ ತಗೊಂಡು, ನಿಂತುಕೊಂಡೇ ತಿನ್ನುವ ಹೋಟೆಲು, ಅದರ ಪಾರ್ಸೆಲ್ ಕಿಟಕಿಯಲ್ಲಿ ಹನ್ನೊಂದು ವರ್ಷದಿಂದ ನಾನೇ ಇರುವುದು. ಜನಕ್ಕೆ ಕಾಣುವುದು ನನ್ನ ಎರಡು ಕೈ ಮಾತ್ರ. ತಲೆಯ ಮೇಲೆ ಡಬ್ಬದಲ್ಲಿ ದಾರದ ಉಂಡೆ, ಅದರ ತುದಿ ಯಾವಾಗಲೂ ನನ್ನ ಎಡಗೈ ಹೆಬ್ಬೆರಳಿಗೆ ಎರಡು ಸುತ್ತು. ಎಲೆ ಹಾಸಿ, ದೋಸೆ ಮಡಿಸಿ, ಪೇಪರ್ ಸುತ್ತಿ, ದಾರ ಅಡ್ಡ ಒಂದು ಉದ್ದ ಒಂದು ಎಳೆದು, ಬೆರಳಲ್ಲಿ ಪಟ್ಟನೆ ಹರಿದು ಕೈಗಿಟ್ಟರೆ ಎಂಟು ಎಣಿಸುವುದರೊಳಗೆ ಮುಗಿಯಬೇಕು.

ಕಟ್ಟುವುದು ಅಂದರೆ ಸುಮ್ಮನೆ ಸುತ್ತುವುದಲ್ಲ ಮತ್ತೆ. ದೋಸೆಯ ಹಬೆ ಹೋಗುವುದಕ್ಕೆ ಪೇಪರಿನ ಮೂಲೆಯಲ್ಲಿ ಕಿರುಬೆರಳು ಹೋಗುವಷ್ಟು ಸಂದು ಬಿಡುತ್ತೇನೆ, ಹಾಗಾಗಿ ನನ್ನ ದೋಸೆ ಮನೆ ಸೇರಿದರೂ ಮೆತ್ತಗಾಗುವುದಿಲ್ಲ. ಸಾಂಬಾರಿನ ಕವರಿಗೆ ನಾನು ಹಾಕುವ ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತದೆ, ಆದರೆ ಸೈಕಲ್ಲಿನ ಹ್ಯಾಂಡಲಿಗೆ ನೇತುಹಾಕಿಕೊಂಡು ಹೋದರೆ ಒಂದು ತೊಟ್ಟು ಚೆಲ್ಲುವುದಿಲ್ಲ. ಮಗು ಅಳುವ ಸದ್ದು ಬೆನ್ನಹಿಂದೆ ಕೇಳಿದರೆ ಚಟ್ನಿ ಬೇರೆ ಕಟ್ಟುತ್ತೇನೆ. ಟೈಪಿಂಗ್ ಹೇಳಿಕೊಡುವ ಲಿಲ್ಲಿ ಟೀಚರಿಗೆ ಬೆರಳ ಗೆಣ್ಣು ನೋವು, ಅವರ ಪೊಟ್ಟಣಕ್ಕೆ ಗಂಟೇ ಹಾಕದೆ ದಾರದ ತುದಿಯನ್ನು ಒಳಗೆ ಸಿಕ್ಕಿಸಿ ಕೊಡುತ್ತೇನೆ. ಇದನ್ನೆಲ್ಲ ಯಾರೂ ಹೇಳಿಕೊಟ್ಟಿದ್ದಲ್ಲ.

ಇಷ್ಟೆಲ್ಲ ಮಾಡಿಯೂ ಹನ್ನೊಂದು ವರ್ಷದಲ್ಲಿ ನಾನು ನೆಲದಿಂದ ಒಂದು ಎಳೆಯಷ್ಟೂ ಎದ್ದಿರಲಿಲ್ಲ. ಪಾರ್ಸೆಲ್‌ಗೆ ಟಿಪ್ಸ್ ಕೊಡುವ ಪದ್ಧತಿಯೇ ನಮ್ಮೂರಿನಲ್ಲಿ ಇರಲಿಲ್ಲ. ನಿಂತು ತಿನ್ನುವವರೂ ಕೊಡುತ್ತಿರಲಿಲ್ಲ. ತಟ್ಟೆ ನಾನೇ ಎತ್ತಿಕೊಂಡೆ, ನೀರು ನಾನೇ ಹಿಡಿದುಕೊಂಡೆ, ಯಾರಿಗೆ ಕೊಡಲಿ ಟಿಪ್ಸ್ ಅಂತ ಅವರ ವಾದ. ಗಿರಣಿಯ ಮಾಲೀಕರೊಬ್ಬರು ಅದೂ ಹೌದಲ್ಲ ಅಂತ ಬಲಗಡೆ ಜೇಬಿನಿಂದ ನಾಣ್ಯ ತೆಗೆದು ಎಡಗಡೆ ಜೇಬಿಗೆ ಹಾಕಿ, ಕಣ್ಣುಮುಚ್ಚಿ ಕಾದು ನಿಂತರು. ಏಳಲಿಲ್ಲ. ತನಗೇ ತಾನು ಮನಸಾರೆ ಕೊಡದ ಮನುಷ್ಯ ಅಂತ ಊರೆಲ್ಲ ಆಡಿಕೊಂಡಿತು.

ಜಗಳ ಹತ್ತಿಕೊಂಡಿದ್ದು ಒಂದು ದಿನ ಊಟಕ್ಕೆ ಕೂತಾಗ. ನಮ್ಮ ಮನೆಯ ಒಂದು ವಿಚಿತ್ರ ಹೇಳಬೇಕು. ಅಡುಗೆ ನನ್ನದು, ಬಡಿಸುವುದು ಅವರದು. ದಿನವಿಡೀ ಬಡಿಸಿ ಬಂದರೂ ಅವರ ಕೈ ಸುಮ್ಮನಿರುವುದಿಲ್ಲ. ನನ್ನನ್ನು ಮಣೆಯ ಮೇಲೆ ಕೂರಿಸಿ, ಎಲೆ ಹಾಕಿ, ಒಬ್ಬಳೇ ಇರುವ ಪಂಕ್ತಿಯಲ್ಲಿ ಆ ತುದಿಯಿಂದ ಈ ತುದಿಗೆ ಓಡಾಡಿ ಬಡಿಸುತ್ತಾರೆ. ಪ್ರತಿಯೊಂದಕ್ಕೂ ಬಗ್ಗಿ ‘ಇನ್ನೊಂಚೂರು?’ ಅಂತ ಕೇಳುತ್ತಾರೆ. ನಾನು ಕೈ ಅಡ್ಡ ಹಿಡಿದು ಸಾಕು ಅನ್ನುತ್ತೇನೆ. ಮದುವೆಯಾದ ಇಪ್ಪತ್ತೆರಡು ವರ್ಷದಿಂದ ಇದೇ ನಡೆದುಕೊಂಡು ಬಂದಿತ್ತು.

ಅವತ್ತು ಹುಳಿ ಬಡಿಸುತ್ತಾ, ದರ್ಶಿನಿಯವರಿಗೂ ಟಿಪ್ಸ್ ಕೊಡಬೇಕು ಅಂತ ಯಾರೋ ಸಂಘದಲ್ಲಿ ಮಾತೆತ್ತಿದರು, ನಾನು ಬಾಯಿ ಮುಚ್ಚಿಸಿ ಬಂದೆ ಅಂದರು. ಯಾಕೆ ಮುಚ್ಚಿಸಿದಿರಿ ಅಂದೆ.

‘ಬಡಿಸೋದು ಬೇರೆ, ಕಟ್ಟಿ ಕೊಡೋದು ಬೇರೆ ಕಣೇ ಅಂಬುಜಾ. ಉಣ್ಣೋರ ಮುಖ ನೋಡ್ಬೇಕು, ಹೊಟ್ಟೆ ಅಳತೆ ತಿಳೀಬೇಕು. ಪೊಟ್ಟಣ ಕಟ್ಟೋದು ಅಂಗಡಿ ಕೆಲ್ಸ. ಬೆಲ್ಲ ಕಟ್ಟಿಕೊಟ್ಟೋನಿಗೆ ಯಾರಾದ್ರೂ ಟಿಪ್ಸ್ ಕೊಡ್ತಾರಾ?’

ಹನ್ನೊಂದು ವರ್ಷ ಸುಟ್ಟುಕೊಂಡ ಬೆರಳುಗಳನ್ನು ಅವರ ಮುಖದ ಮುಂದೆ ಹಿಡಿದು, ಇದು ಬೆಲ್ಲ ಕಟ್ಟಿ ಸುಟ್ಟಿದ್ದಾ ಅಂತ ಕೇಳಿದೆ. ಮಾತಿಗೆ ಮಾತು ಬೆಳೆಯಿತು. ಕೊನೆಗೆ ಪಂಥವೇ ಆಗಿಹೋಯಿತು. ಬರುವ ಅಮಾವಾಸ್ಯೆಯ ದಿನ ಬೀದಿ ದೀಪ ಹತ್ತುವುದರೊಳಗೆ ಯಾರಾದರೂ ನನ್ನನ್ನು ಒಂದು ಬೆರಳು ಎಬ್ಬಿಸಿದರೂ ಸಾಕು, ಅಧ್ಯಕ್ಷರ ಕೆಂಪು ರುಮಾಲು ನನ್ನ ತಲೆಗೆ. ಏಳದಿದ್ದರೆ ‘ಪಾರ್ಸೆಲ್‌ಗೆ ಟಿಪ್ಸ್ ಇಲ್ಲ’ ಅಂತ ಬೋರ್ಡು ಬರೆಸಿ, ನನ್ನ ಕಿಟಕಿಯ ಮೇಲೆ ನಾನೇ ಕೈಯಾರೆ ನೇತುಹಾಕಬೇಕು. ರುಮಾಲಿನ ಆಸೆ ನನಗೆ ಅಷ್ಟಕ್ಕಷ್ಟೇ. ನನ್ನ ಕೆಲಸವೂ ಒಂದು ಕೆಲಸವೋ ಅಲ್ಲವೋ, ಅದು ಗೊತ್ತಾಗಬೇಕಿತ್ತು.

ಸಣ್ಣ ಊರು. ಬೆಳಗಾಗುವುದರೊಳಗೆ ಎಲ್ಲರಿಗೂ ಗೊತ್ತಾಯಿತು. ನಮ್ಮ ಹೊಳ್ಳರಿಗಂತೂ ಕುಣಿಯುವಷ್ಟು ಖುಷಿ, ಯಾಕೆಂದರೆ ಪಂಥ ನೋಡುವುದಕ್ಕೆ ಬಂದವರೆಲ್ಲ ಒಂದೊಂದು ಪ್ಲೇಟು ವಡೆ ತಿಂದು ಹೋಗುತ್ತಿದ್ದರು. ನನ್ನ ಕಾಲು ಕಾಣಲಿ ಅಂತ ಕಿಟಕಿಯ ಕೆಳಗಿನ ಹಲಗೆಯನ್ನು ಬಡಗಿ ಕರೆಸಿ ಕೀಳಿಸಿಬಿಟ್ಟರು. ಮುಖ ನೋಡಬೇಕಾದವರೆಲ್ಲ ಬಗ್ಗಿ ಬಗ್ಗಿ ನನ್ನ ಹಿಮ್ಮಡಿ ನೋಡತೊಡಗಿದರು. ನಾನು ಹದಿನೈದು ವರ್ಷದಿಂದ ಪೆಟ್ಟಿಗೆಯಲ್ಲಿಟ್ಟಿದ್ದ ಕಾಲ್ಗೆಜ್ಜೆ ತೆಗೆದು ಹಾಕಿಕೊಂಡೆ. ನೋಡುವವರು ನೋಡಲಿ.

ಪಾಪ, ಜನ ಕೊಟ್ಟರು. ಇಲ್ಲ ಅನ್ನಬಾರದು. ಚೀಟಿಯ ಜೊತೆ ಒಂದು ನಾಣ್ಯ ಇಟ್ಟು, ‘ತಗೊಳಿ ಅಂಬುಜಕ್ಕ, ಏಳಿ’ ಅಂತ ಉಸಿರು ಬಿಗಿಹಿಡಿದು ಬಗ್ಗುತ್ತಿದ್ದರು. ನಾನು ಏಳುತ್ತಿರಲಿಲ್ಲ. ಅವರ ಮುಖ ಕೆಂಪಾಗುತ್ತಿತ್ತು. ಹಿಂದೆ ನಿಂತವರು, ಇವನ ಮನಸ್ಸು ಇಷ್ಟೇ ನೋಡು ಅಂತ ಗೊಣಗುತ್ತಿದ್ದರು. ಮರುದಿನದಿಂದ ಮಾನಕ್ಕೆ ಅಂಜಿದವರು ನಾಣ್ಯ ಎಸೆದು, ಫಲಿತಾಂಶ ನೋಡದೆ, ಪೊಟ್ಟಣ ಎದೆಗವಚಿಕೊಂಡು ಓಡಿಹೋಗಲು ಶುರುಮಾಡಿದರು. ಇಬ್ಬರು ಪೊಟ್ಟಣವನ್ನೇ ಬಿಟ್ಟು ಓಡಿದರು.

ನಾನೂ ಮಾಡಬಾರದ್ದನ್ನೆಲ್ಲ ಮಾಡಿದೆ. ಹಲ್ಲು ಕಿರಿದೆ. ಒಂದು ವಡೆ ಹೆಚ್ಚಿಗೆ ಹಾಕಿ ಹೊಳ್ಳರ ಕೈಲಿ ಬೈಸಿಕೊಂಡೆ. ಒಂದು ಸಲ ಸೀರೆಯ ನೆರಿಗೆ ಇಳಿಬಿಟ್ಟು ತುದಿಗಾಲಲ್ಲಿ ನಿಂತೆ. ಎದ್ದರು, ಎದ್ದರು ಅಂತ ಯಾರೋ ಕೂಗಿ, ಹೊಳ್ಳರು ಓಡಿಬಂದು ನನ್ನ ಹಿಮ್ಮಡಿಯ ಕೆಳಗೆ ಪೋಸ್ಟ್ ಕಾರ್ಡು ತೂರಿಸಿ ಪರೀಕ್ಷೆ ಮಾಡಿದರು. ಹೆಬ್ಬೆರಳಿಗೆ ತಗಲಿ ಕಾರ್ಡು ನಿಂತಿತು. ಅವತ್ತು ನನಗಾದ ನಾಚಿಕೆ ನನ್ನ ಶತ್ರುವಿಗೂ ಬೇಡ.

ಹದಿಮೂರು ದಿನ ಕಳೆದವು. ಅಮಾವಾಸ್ಯೆಗೆ ಎರಡೇ ದಿನ ಉಳಿದಿರುವಾಗ ಮಧ್ಯಾಹ್ನ ಮೂರು ಗಂಟೆಗೆ, ಜನ ಇಲ್ಲದ ಹೊತ್ತು ನೋಡಿ, ಲಿಲ್ಲಿ ಟೀಚರು ಕಿಟಕಿಗೆ ಬಂದರು. ಒಂಟಿ ಜೀವ, ಐವತ್ತೈದು ವಯಸ್ಸು, ಮಾತು ಟೈಪ್ ಹೊಡೆದಷ್ಟು ಖಚಿತ. ಅವರೂ ಹಿಂದಿನ ವಾರ ಒಂದು ನಾಣ್ಯ ಕೊಟ್ಟಿದ್ದರು, ನಾನು ಎದ್ದಿರಲಿಲ್ಲ. ಉಳಿದವರ ಕಾಸು ಹೊಳ್ಳರ ಡಬ್ಬಕ್ಕೆ ಹಾಕಿದ್ದೆ, ಟೀಚರದ್ದನ್ನು ಮಾತ್ರ ಯಾಕೋ ಸೆರಗಿನ ತುದಿಗೆ ಗಂಟು ಹಾಕಿ ಇಟ್ಟುಕೊಂಡಿದ್ದೆ. ನಾನು ಏಳದೆ ಹೋಗಿದ್ದು ಅವರಿಗೆ ತುಂಬಾ ನೋವಾಗಿತ್ತಂತೆ. ನನ್ನ ಮನಸ್ಸು ಅಷ್ಟು ಬರಡಾ ಅಂತ ಮೂರು ದಿನ ಯೋಚಿಸಿದರಂತೆ. ಕಿಟಕಿಗೆ ಮೊಣಕೈ ಊರಿ ಕೇಳಿದರು:

‘ಅಂಬುಜಾಕ್ಷಿ, ದೊಡ್ಡ ಹೋಟೆಲಲ್ಲಿ ಟಿಪ್ಸ್ ಯಾವಾಗ ಇಡ್ತಾರೆ?’

ಊಟ ಆಗಿ, ಕೈ ತೊಳೆದು, ಸೋಂಪು ಬಾಯಿಗೆ ಹಾಕಿಕೊಂಡ ಮೇಲೆ ಅಂದೆ.

‘ಇಲ್ಲಿ?’

ಚೀಟಿಯ ಜೊತೆಗೇ, ಪೊಟ್ಟಣ ಕೈಗೆ ಸಿಗುವ ಮೊದಲೇ ಅಂದೆ.

‘ನೋಡಿ ಮತ್ತೆ. ನಾನು ಕಾಸು ಕೊಟ್ಟಾಗ ನನ್ನ ಹೊಟ್ಟೇಲಿ ಇದ್ದಿದ್ದು ಬರೀ ಹಸಿವು. ಮನೆಗೆ ಹೋಗಿ, ದಾರ ಎಳೆದು, ಗಂಟಿಲ್ಲದೆ ಬಿಚ್ಚಿಕೊಳ್ತಲ್ಲ, ಆಗ ನನಗೆ ಕಣ್ಣಲ್ಲಿ ನೀರು ಬಂತು. ಆಗ ನೀವಿಲ್ಲ, ಕಿಟಕಿ ಇಲ್ಲ. ಯಾರಿಗೆ ಕೊಡ್ಲಿ?’

ಉಂಡವನಿಗೆ ತಾನೇ ಊಟದ ರುಚಿ ಗೊತ್ತು. ಕ್ಯೂನಲ್ಲಿ ನಿಂತು ಬೆವರುತ್ತಿರುವವನಿಗೆ ಏನು ಗೊತ್ತು? ಹದಿಮೂರು ದಿನ ಇಡೀ ಊರು ಬಗ್ಗಿ ನನ್ನ ಹಿಮ್ಮಡಿ ನೋಡಿತ್ತೇ ಹೊರತು ಒಬ್ಬರಿಗೂ ಇದು ಹೊಳೆದಿರಲಿಲ್ಲ. ಹೋಟೆಲಿನಲ್ಲೇ ಬದುಕು ಸವೆಸಿದ ನನಗೂ ಹೊಳೆದಿರಲಿಲ್ಲ, ಮೂವತ್ತು ವರ್ಷ ಬಡಿಸಿದ ನಮ್ಮ ಯಜಮಾನರಿಗೂ ಹೊಳೆದಿರಲಿಲ್ಲ. ನಾವಿಬ್ಬರೂ ಒಂದೇ ಗಾಣಕ್ಕೆ ಕಟ್ಟಿದ ಎತ್ತುಗಳು.

ಮನೆಯಲ್ಲಿ ತೆಗೆದಿಟ್ಟ ಕಾಸು ಇಲ್ಲಿ ನನ್ನನ್ನು ಎಬ್ಬಿಸುತ್ತದಾ ಅಂತ ಕೇಳಿದೆ. ಅದು ನನಗೂ ಗೊತ್ತಿಲ್ಲ, ಗೊತ್ತಿದ್ದರೆ ಪ್ರಯತ್ನ ಯಾಕೆ ಮಾಡಬೇಕು ಅಂದರು ಟೀಚರು. ಅವರ ಇನ್‌ಸ್ಟಿಟ್ಯೂಟಿನಲ್ಲಿ ಮೂವತ್ತು ಮೆಷಿನು. ಎರಡು ದಿನ ಎಲ್ಲ ಪಾಠ ಬದಿಗಿಟ್ಟು ಕಟಕಟ ಅಂತ ಒಂದೇ ಒಕ್ಕಣೆಯನ್ನು ಸಾವಿರ ಸಲ ಹೊಡೆಸಿದರು. ಬೆರಳಗಲದ ಚೀಟಿಗಳು. ‘ಮೊದಲು ತಿನ್ನಿ. ತಿಂದ ಮೇಲೆ ಮನಸ್ಸಿಗೆ ಬಂದರೆ ಒಂದು ಕಾಸು ಅಂಬುಜಾಕ್ಷಿಯ ಹೆಸರಲ್ಲಿ ನಿಮ್ಮ ಮನೆಯ ಕಿಟಕಿಯ ಮೇಲೆ ಇಡಿ. ಬರದಿದ್ದರೆ ಬೇಡ.’ ಕಡೆಯ ಸಾಲು ಬೇಡ ಟೀಚರೇ ಅಂದೆ. ಅದೇ ಮುಖ್ಯ ಅಂದರು.

ಅಮಾವಾಸ್ಯೆ ಬಂತು. ಅಮಾವಾಸ್ಯೆ ಅಂದರೆ ನಮ್ಮಲ್ಲಿ ಅರ್ಧ ಊರು ಒಪ್ಪತ್ತು. ಮಧ್ಯಾಹ್ನ ಅನ್ನ ಉಂಡರೆ ಹೊತ್ತು ಮುಳುಗುವಾಗ ಬರೀ ಫಲಾಹಾರ. ಫಲಾಹಾರ ಅಂದರೆ ಹಣ್ಣು ಅಂದುಕೊಂಡಿರಾ? ದೋಸೆ, ಉಪ್ಪಿಟ್ಟು, ಅವಲಕ್ಕಿ, ಮೇಲೊಂದು ಕೇಸರಿಬಾತು. ಸಂಜೆ ನಾಲ್ಕೂವರೆಗೇ ನನ್ನ ಕಿಟಕಿಯಿಂದ ಅಂಚೆ ಕಚೇರಿಯವರೆಗೆ ಸಾಲು. ನನ್ನ ಕೈ ಹೇಗೆ ಓಡಿತು ಅಂತೀರಿ, ಎಲೆ, ದೋಸೆ, ಚೀಟಿ, ಪೇಪರು, ದಾರ, ಪಟ್. ಎಲೆ, ದೋಸೆ, ಚೀಟಿ, ಪೇಪರು, ದಾರ, ಪಟ್. ಇನ್ನೂರು ಪೊಟ್ಟಣವೋ ಮುನ್ನೂರೋ, ಎಣಿಸಿದವರು ಯಾರು? ಯಾರೂ ಕಾಸು ಕೊಡಲಿಲ್ಲ, ನಾನು ಯಾರ ಮುಖಕ್ಕೂ ಹಲ್ಲು ಕಿರಿಯಲಿಲ್ಲ. ಹದಿನೈದು ದಿನದ ಮೇಲೆ ಮೊದಲ ಸಲ ನಾನು ಸುಮ್ಮನೆ ಕೆಲಸ ಮಾಡಿದೆ, ಮತ್ತು ನಿಜ ಹೇಳಬೇಕೆಂದರೆ, ಬಲು ಹಿತವಾಗಿತ್ತು.

ಆರೂಕಾಲಿಗೆ ಸಾಲು ಕರಗಿತು. ಉಳಿದವರು ಪಂಥ ನೋಡುವ ಸೋಮಾರಿಗಳು ಮಾತ್ರ. ಅವತ್ತು ನಮ್ಮ ಯಜಮಾನರು ರಜಾ ಹಾಕಿದ್ದರು, ಹಾಗಾಗಿ ಎಲ್ಲರಂತೆ ನೆಲದ ಮೇಲೆ ಕಾಲಿಟ್ಟು ನಡೆದುಕೊಂಡೇ ಬಂದರು. ಕಂಕುಳಲ್ಲಿ ಬೋರ್ಡು. ಗೆದ್ದವರ ಮುಖವಲ್ಲ ಅದು. ಹಿಂದಿನ ದಿನ ಊಟದ ಹೊತ್ತಿಗೂ ಹೀಗೇ ಇದ್ದರು. ನಾನು ಮುಖ ಗಂಟು ಹಾಕಿಕೊಂಡು ಕೂತಿದ್ದೆ, ಅವರು ಎಂದಿಗಿಂತ ಒಂದು ಮಿಳ್ಳೆ ತುಪ್ಪ ಹೆಚ್ಚಿಗೆ ಹಾಕಿದ್ದರು, ನಾನು ಉಂಡು ಒಂದು ಮಾತೂ ಆಡದೆ ಎದ್ದುಹೋಗಿದ್ದೆ. ಈಗ ಬೋರ್ಡನ್ನು ಬೆನ್ನ ಹಿಂದೆ ಇಟ್ಟುಕೊಂಡು, ದೀಪ ಹತ್ತುವುದಕ್ಕೆ ಇನ್ನೂ ಹೊತ್ತಿದೆ, ಕಾಯೋಣ ಅಂದರು.

ಕಾಯುವುದು ನನ್ನ ಕೈಲಾಗಲಿಲ್ಲ. ಜನ ಅಯ್ಯೋ ಪಾಪ ಅನ್ನುವ ಹಾಗೆ ನೋಡುತ್ತಿದ್ದರು, ಆ ನೋಟಕ್ಕಿಂತ ಸೋಲೇ ವಾಸಿ. ಅವರ ಕೈಯಿಂದ ಬೋರ್ಡು ಕಿತ್ತುಕೊಂಡೆ. ಹೊಳ್ಳರ ಸ್ಟೂಲು ತಂದು ಬೀದಿಯಲ್ಲಿ ಕಿಟಕಿಯ ಎದುರು ಹಾಕಿ ಹತ್ತಿದೆ. ಬೋರ್ಡು ಕಟ್ಟುವುದಕ್ಕೆ ಬೇರೆ ಹಗ್ಗ ಯಾಕೆ, ನನ್ನ ಹೆಬ್ಬೆರಳಿಗಿದ್ದ ಪಾರ್ಸೆಲ್ ದಾರವನ್ನೇ ಉಂಡೆಯಿಂದ ಎಳೆದುಕೊಂಡೆ. ಸಜ್ಜೆಯ ಮೊಳೆಗೆ ಕೈ ಎಟುಕಲಿಲ್ಲ. ತುದಿಗಾಲಲ್ಲಿ ನಿಂತೆ. ಎಟುಕಿತು. ಎಟುಕಿದ್ದಷ್ಟೇ ಅಲ್ಲ, ಮೊಳೆ ನನ್ನ ಕಣ್ಣಿನ ನೇರಕ್ಕೆ ಬಂತು. ಆಮೇಲೆ ಎದೆಯ ನೇರಕ್ಕೆ. ಇದೇನು ಮೊಳೆ ಇಳಿಯುತ್ತಿದೆಯಲ್ಲ ಅಂತ ನಾನು ಅಂದುಕೊಳ್ಳುತ್ತಿರುವಾಗಲೇ ಕೆಳಗೆ ಸ್ಟೂಲು ದಡಕ್ಕನೆ ಉರುಳಿಬಿತ್ತು.

ನಾನು ಬೀಳಲಿಲ್ಲ.

ನನ್ನ ಕಾಲ್ಗೆಜ್ಜೆ ಒಂದು ಸಲ ಝಲ್ ಅಂದಿತು. ಹೊಳ್ಳರು ಅಭ್ಯಾಸಬಲದಿಂದ ಪೋಸ್ಟ್ ಕಾರ್ಡು ಹಿಡಿದು ಓಡಿಬಂದರು, ಆದರೆ ಅವರ ಕೈ ನನ್ನ ಹಿಮ್ಮಡಿಗೆ ಎಟುಕಲಿಲ್ಲ. ನಾನು ಸಜ್ಜೆ ದಾಟಿದೆ. ಹೋಟೆಲಿನ ಹೆಸರಿನ ಹಲಗೆ ದಾಟಿದೆ. ಆಗ ಬೀದಿ ದೀಪ ಹತ್ತಿತು, ನನ್ನ ಕಾಲ ಕೆಳಗೆ.

ಅಯ್ಯಯ್ಯೋ, ಆಮೇಲಿನದನ್ನು ಹೇಗೆ ಹೇಳಲಿ? ಅಂಗಾಲಿಗೆ ಕಚಗುಳಿ. ಒಂದೊಂದು ಮನೆಯಲ್ಲಿ ಒಬ್ಬೊಬ್ಬರು ಕೈ ತೊಳೆದುಕೊಂಡ ಹಾಗೆಲ್ಲ ಕೆಳಗಿನಿಂದ ಯಾರೋ ಅಂಗೈ ಕೊಟ್ಟು ಎತ್ತಿದಂತೆ ನಾನು ಇಷ್ಟಿಷ್ಟೇ ಏರುತ್ತಿದ್ದೆ. ಗೇಣು, ಗೇಣು, ಮೊಳ. ಒಮ್ಮೆಗೇ ಒಂದಾಳು ಎತ್ತರ ಎದ್ದಾಗ ಇದು ಯಾರಪ್ಪಾ ಅಂತ ನೋಡಿದರೆ ಆಸ್ಪತ್ರೆಯ ಹಿಂದಿನ ಮನೆಯ ಬಾಣಂತಿ, ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಬಿಸಿ ಆರದ ಉಪ್ಪಿಟ್ಟು ತಿಂದು ಮುಗಿಸಿ ಕಿಟಕಿಯ ಮೇಲೆ ಕಾಸಿಡುತ್ತಿದ್ದಳು. ಹಂಚು, ತಾರಸಿ, ಒಣಹಾಕಿದ ಬಟ್ಟೆ, ನೀರಿನ ಟ್ಯಾಂಕು, ಎಲ್ಲವೂ ಕೆಳಗೆ. ಜಗಲಿಗಳಲ್ಲಿ, ಹಿತ್ತಿಲಲ್ಲಿ, ಮೆಟ್ಟಿಲ ಮೇಲೆ ಜನ ನನ್ನ ಪೊಟ್ಟಣ ಬಿಚ್ಚುತ್ತಿದ್ದರು. ಹನ್ನೊಂದು ವರ್ಷ ಕಟ್ಟಿದ್ದೇ ಕಟ್ಟಿದ್ದು, ಬಿಚ್ಚುವುದನ್ನು ನಾನು ನೋಡಿರಲೇ ಇಲ್ಲ. ಗಂಟು ಒಂದೇ ಎಳೆತಕ್ಕೆ ಬಿಚ್ಚಿಕೊಳ್ಳುತ್ತಿತ್ತು. ದೋಸೆ ಮೆತ್ತಗಾಗಿರಲಿಲ್ಲ. ಲಿಲ್ಲಿ ಟೀಚರು ತಾರಸಿಯ ಮೇಲೆ ಕುರ್ಚಿ ಹಾಕಿಕೊಂಡು ಸಾಗು ಮೆತ್ತಿದ ಬೆರಳು ಚೀಪುತ್ತಾ ಕೂತಿದ್ದವರು, ನನ್ನನ್ನು ನೋಡಿ, ಲೆಕ್ಕ ಸರಿಬಂದ ಹಾಗೆ ತಲೆಯಾಡಿಸಿದರು. ನಾನು ನಗುತ್ತಿದ್ದೆನೋ ಅಳುತ್ತಿದ್ದೆನೋ ನನಗೇ ತಿಳಿಯಲಿಲ್ಲ. ಕೈಯಲ್ಲಿ ಇನ್ನೂ ಬೋರ್ಡಿತ್ತು. ಸಂತೆ ಮೈದಾನದ ಖಾಲಿ ಕಟ್ಟೆಯ ಮೇಲೆ ಅದನ್ನು ಬಿಸಾಕಿದೆ, ಎರಡು ತುಂಡಾಯಿತು.

ಹೆಬ್ಬೆರಳು ಜಗ್ಗಿದಾಗ ಕೆಳಗೆ ನೋಡಿದೆ. ದಾರ ಇನ್ನೂ ಬೆರಳಿಗಿತ್ತು. ಅದರ ಆ ತುದಿಯಲ್ಲಿ, ಡಬ್ಬದಿಂದ ತೆಗೆದ ಉಂಡೆಯನ್ನು ಎರಡೂ ಕೈಯಲ್ಲಿ ಹಿಡಿದು, ಗಾಳಿಗೆ ತೇಲುತ್ತಿದ್ದ ನನ್ನ ಹಿಂದೆ ನಮ್ಮ ಯಜಮಾನರು ಬೀದಿಯಲ್ಲಿ ಓಡುತ್ತಿದ್ದರು. ಪಾರ್ಸೆಲ್ ದಾರ, ಜೋರಾಗಿ ಎಳೆದರೆ ಗೋವಿಂದ. ಅದು ಅವರಿಗೂ ಗೊತ್ತಿತ್ತು. ತುಂಬಿದ ಲೋಟ ಹಿಡಿದು ಬರುವಾಗ ಹೇಗೋ ಹಾಗೆ, ಎಳೆಯದೆ, ಬಿಡದೆ, ನಾನು ಏರಿದಷ್ಟೇ ದಾರ ಬಿಡುತ್ತಾ ಬರುತ್ತಿದ್ದರು. ಜನ ದಾರಿ ಬಿಡುತ್ತಿದ್ದರು.

‘ಇಳಿಯೇ ಅಂಬುಜಾ. ನಾನು ಸೋತೆ ಕಣೇ, ಇಳಿ.’

‘ಹೇಗ್ರೀ ಇಳಿಯೋದು? ಊರು ಇನ್ನೂ ತಿಂತಾ ಇದೆ.’

ರುಮಾಲು ಬಿಚ್ಚಿಹೋಗಿ ಹೆಗಲ ಮೇಲೆ ಜೋತಾಡುತ್ತಿತ್ತು. ನಡುನೆತ್ತಿ ಬೋಳಾಗಿದ್ದು ನನಗೆ ಗೊತ್ತೇ ಇರಲಿಲ್ಲ. ಗೊತ್ತಾಗುವುದಾದರೂ ಹೇಗೆ, ಯಾವಾಗಲೂ ಅವರು ನನಗಿಂತ ಮೊಳ ಮೇಲೆ ಇರುತ್ತಿದ್ದರು, ಇಲ್ಲವೇ ನಾನು ಎಲೆಯ ಮುಂದೆ ತಲೆ ತಗ್ಗಿಸಿ ಕೂತಿರುತ್ತಿದ್ದೆ. ಊರಿಗೆಲ್ಲ ಬಡಿಸಿ ಬಂದು ನನಗೂ ಬಡಿಸುತ್ತಿದ್ದ ಮನುಷ್ಯ. ನಿನ್ನೆಯ ಆ ಒಂದು ಮಿಳ್ಳೆ ತುಪ್ಪ ನಾಲಿಗೆಗೆ ಬಂದ ಹಾಗಾಯಿತು. ಉಂಡ ಮೇಲೆ ತಾನೇ ಗೊತ್ತಾಗುವುದು? ಇಪ್ಪತ್ತೆರಡು ವರ್ಷ ಉಂಡಿದ್ದೆ. ಕಾಸು ಹಾಳಾಗಲಿ, ಒಂದು ಒಳ್ಳೆಯ ಮಾತೂ ಆಡದೆ ಎದ್ದು ಕೈ ತೊಳೆದಿದ್ದೆ. ಊರಿನ ಮೇಲೆ ಹದಿನೈದು ದಿನ ಮುನಿಸಿಕೊಂಡಿದ್ದವಳು ನಾನೇ. ನಾಚಿಕೆಯಾಯಿತು. ಅದರ ಬೆನ್ನಿಗೇ ತಡೆಯಲಾರದಷ್ಟು ನಗು ಬಂತು.

ಸೆರಗಿನ ತುದಿಯ ಗಂಟು ಬಿಚ್ಚಿದೆ. ಟೀಚರು ಕೊಟ್ಟ ನಾಣ್ಯ ಅಲ್ಲೇ ಇತ್ತು.

‘ರೀ, ರುಮಾಲು ಒಡ್ಡಿ.’

‘ಯಾಕೆ?’

‘ಟಿಪ್ಸು. ಇಪ್ಪತ್ತೆರಡು ವರ್ಷ ಬಡಿಸಿದ್ರಲ್ಲ, ಅದಕ್ಕೆ. ತುಂಬಾ ಚೆನ್ನಾಗಿತ್ತು.’

ನಾಣ್ಯ ತಿರುಗುತ್ತಾ ಹೋಯಿತು. ಅವರು ರುಮಾಲಿನಲ್ಲಿ ಹಿಡಿದರು, ಸಪ್ಲೈಯರ್ ಕೈ ತಪ್ಪುತ್ತದೆಯೇ. ಹಿಡಿದು, ತಲೆಯೆತ್ತಿ, ಬಾಯಿ ತೆರೆದು ಏನೋ ಹೇಳಲು ಹೊರಟರು, ಅಷ್ಟರಲ್ಲಿ ಅವರ ಕಾಲು ನೆಲ ಬಿಟ್ಟಿತು. ಮೊಳವಲ್ಲ, ಮೊಳ ನಾಲ್ಕು ಬೆರಳಲ್ಲ. ಬೀದಿ ದೀಪ ದಾಟಿದರು, ಹೊಳ್ಳರ ಚಿಮಣಿ ದಾಟಿದರು, ಗಾಬರಿಯಲ್ಲಿ ಹಿಡಿಯಲು ನುಗ್ಗೆ ಗಿಡ ಹುಡುಕಿದರು, ಅದೂ ಕೆಳಗುಳಿಯಿತು. ದಾರವನ್ನು ಉಂಡೆಗೆ ಸುತ್ತಿಕೊಳ್ಳುತ್ತಾ ಸುತ್ತಿಕೊಳ್ಳುತ್ತಾ ನೇರ ನನ್ನ ಹತ್ತಿರಕ್ಕೇ ಬಂದರು. ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬಂದು ನಿಂತವು. ನಮ್ಮ ಮದುವೆಯಲ್ಲಿ ಅಂತರಪಟ ಸರಿಸಿದಾಗ ಹಾಗೆ ನಿಂತಿದ್ದೆವು, ಆಮೇಲೆ ಇದೇ ಮೊದಲು. ಅವರ ಕಣ್ಣು ತುಂಬಿತ್ತು. ಪಂಥದ ಮಾತು ಮರೆಯದೆ ರುಮಾಲನ್ನು ನನ್ನ ತಲೆಗೆ ಸುತ್ತಿದರು, ಸೊಟ್ಟಗೆ.

ಕೆಳಗಿನಿಂದ ಹೊಳ್ಳರು, ದಾರ ಯಾರು ಹಿಡಿದಿದ್ದೀರಿ, ದಾರ ಯಾರು ಹಿಡಿದಿದ್ದೀರಿ ಅಂತ ಕೂಗುತ್ತಿದ್ದರು. ನಾವು ಕೈ ನೋಡಿಕೊಂಡೆವು. ಒಂದು ತುದಿ ನನ್ನ ಹೆಬ್ಬೆರಳಲ್ಲಿ, ಉಂಡೆ ಅವರ ಕೈಯಲ್ಲಿ. ನೆಲದಲ್ಲಿ ಹಿಡಿದವರು ಯಾರೂ ಇರಲಿಲ್ಲ. ಕೆರೆಯ ಕಡೆಯಿಂದ ತಣ್ಣಗೆ ಗಾಳಿ ಬೀಸುತ್ತಿತ್ತು. ಊರಿನಲ್ಲಿ ಎಲ್ಲೋ ಇನ್ನೊಬ್ಬರು ಫಲಾಹಾರ ಮುಗಿಸಿ ಕೈ ತೊಳೆದಿರಬೇಕು, ನನ್ನ ಅಂಗಾಲಿಗೆ ಮತ್ತೆ ಕಚಗುಳಿಯಾಯಿತು. ಅವರು ನನ್ನ ಕೈ ಹಿಡಿದುಕೊಂಡರು. ಎಲೆಯ ಮುಂದೆ ಬಗ್ಗುವ ಹಾಗೆ ಸ್ವಲ್ಪ ಬಗ್ಗಿ, ಅದೇ ದನಿಯಲ್ಲಿ, ‘ಇನ್ನೊಂಚೂರು?’ ಅಂದರು.

ನಾನು ಕೈ ಅಡ್ಡ ಹಿಡಿಯಲಿಲ್ಲ.